ಅಂಗನವಾಡಿಗೆ ಇನ್ನೊಬ್ಬ ಶಿಕ್ಷಕಿ ಬೇಕು

"ಡಾಕ್ಟ್ರೇ, ಮಗುವಿಗೆ ಮೂರು ವರ್ಷ ತುಂಬಿತು. ಬುದ್ಧಿ ಚುರುಕಾಗೋದಕ್ಕೆ ಒಂದು ಒಳ್ಳೇ ಟಾನಿಕ್ ಬರೆದುಕೊಡಿ." ನನ್ನಂಥ ಸಾಮಾನ್ಯ ವೈದ್ಯರು ವಾರಕ್ಕೆ ಒಂದೆರಡು ಬಾರಿಯಾದರೂ ಕೇಳುವ ಮಾತಿದು. ಮಕ್ಕಳನ್ನು ಎಲ್.ಕೆ.ಜಿ.ಗೆ ಸೇರಿಸುವ ಬೇಸಿಗೆಯ ದಿನಗಳಲ್ಲಿ ಈ ಬೇಡಿಕೆ ಇನ್ನೂ ಹೆಚ್ಚು. ಔಷಧಿ ಅಂಗಡಿಯ ಕಪಾಟಿನಲ್ಲಿ ಜ್ಞಾಪಕಶಕ್ತಿಯ ಹೆಸರು ಹೊತ್ತ ಬಾಟಲಿಗಳಿಗೂ, ಹಾಲಿಗೆ ಬೆರೆಸುವ ಪುಡಿಗಳ ಡಬ್ಬಿಗಳಿಗೂ ಕೊರತೆಯಿಲ್ಲ. ಕೂಲಿ ಮಾಡುವ ತಾಯಿ ಕೂಡ ಎರಡು ದಿನದ ಸಂಪಾದನೆ ಕೊಟ್ಟು ಅವನ್ನು ಕೊಂಡುಹೋಗುವುದುಂಟು.

ಆರೋಗ್ಯವಂತ ಮಗುವಿನ ಬುದ್ಧಿಯನ್ನು ಹೆಚ್ಚಿಸುವ ಟಾನಿಕ್ ಯಾವುದೂ ಇಲ್ಲ. ಮಗುವಿಗೆ ರಕ್ತಹೀನತೆ ಇದ್ದರೆ ಕಬ್ಬಿಣದ ಅಂಶವಿರುವ ದ್ರಾವಣ ಕೊಡಬೇಕು, ಹೊಟ್ಟೆಯಲ್ಲಿ ಹುಳುವಿದ್ದರೆ ಹುಳುವಿನ ಮಾತ್ರೆ ಕೊಡಬೇಕು. ಇವೆರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಇಷ್ಟು ಹೇಳಿದರೆ ತಾಯಿಯ ಮುಖ ಸಣ್ಣದಾಗುತ್ತದೆ. ಡಾಕ್ಟರು ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಆಕೆಗೆ. ಆದರೆ ಆಕೆಯ ಪ್ರಶ್ನೆಯಲ್ಲಿ ಹುರುಳಿದೆ. ಈ ವಯಸ್ಸಿನಲ್ಲಿ ಮಗುವಿನ ಮಿದುಳಿಗೆ ಏನೋ ಬೇಕಾಗಿದೆ, ಅದು ಈಗಲೇ ಬೇಕಾಗಿದೆ ಎಂಬುದನ್ನು ಆಕೆ ಸರಿಯಾಗಿಯೇ ಊಹಿಸಿದ್ದಾಳೆ. ಅದೇನು, ಅದನ್ನು ಬಡವರ ಮಗುವಿಗೆ ಕೊಡಬೇಕಾದವರು ಯಾರು ಎಂಬುದು ಈ ವಾರದ ವಿಷಯ. ಇದರಲ್ಲಿ ಔಷಧಿಗಿಂತ ಬಜೆಟ್ಟಿನ ಮಾತೇ ಹೆಚ್ಚಾಗಿ ಬರುತ್ತದೆ. ಓದುಗರು ಬೇಸರಪಡಬಾರದು.

ಟೇಪು ಹೇಳುವ ಸಂಗತಿ

ಮಗುವನ್ನು ಪರೀಕ್ಷಿಸುವಾಗ ವೈದ್ಯರು ತಲೆಯ ಸುತ್ತ ಟೇಪು ಹಿಡಿದು ಅಳೆಯುವುದನ್ನು ನೀವು ನೋಡಿರಬಹುದು. ಹುಟ್ಟಿದಾಗ ಆ ಸುತ್ತಳತೆ ಸುಮಾರು 34 ಸೆಂಟಿಮೀಟರ್. ವರ್ಷ ತುಂಬುವ ಹೊತ್ತಿಗೆ ಅದು 45ರ ಆಸುಪಾಸಿಗೆ ಬರುತ್ತದೆ, ಐದು ವರ್ಷಕ್ಕೆ ಸುಮಾರು 50 ಆಗುತ್ತದೆ. ಅಲ್ಲಿಂದ ಮುಂದೆ ಪೂರ್ತಿ ಆಳೆತ್ತರ ಬೆಳೆಯುವವರೆಗೂ ಕೂಡುವುದು ನಾಲ್ಕೈದು ಸೆಂಟಿಮೀಟರ್ ಮಾತ್ರ. ಕೈಕಾಲು ಹದಿನೆಂಟರವರೆಗೂ ಬೆಳೆಯುತ್ತವೆ. ಮಿದುಳು ಮಾತ್ರ ಆರು ವರ್ಷ ತುಂಬುವಷ್ಟರಲ್ಲಿ ತನ್ನ ಗಾತ್ರದ ಬಹುಪಾಲನ್ನು ಮುಗಿಸಿಕೊಂಡಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ಆಗುತ್ತದೆಂದು ಒಪ್ಪಿಕೊಂಡಿದೆ.

ಗಾತ್ರಕ್ಕಿಂತ ಮುಖ್ಯವಾದುದು ನರಕೋಶಗಳ ನಡುವಿನ ಸಂಪರ್ಕ. ಹೊಲದ ಮಧ್ಯೆ ಜನ ಓಡಾಡಿದ ಕಡೆ ಕಾಲುದಾರಿ ಉಳಿಯುತ್ತದೆ, ಯಾರೂ ತುಳಿಯದ ಕಡೆ ಹುಲ್ಲು ಬೆಳೆದು ಮುಚ್ಚಿಹೋಗುತ್ತದೆ. ಮಗುವಿನ ಮಿದುಳಿನಲ್ಲಿಯೂ ಹಾಗೆಯೇ. ಕೇಳಿದ ಮಾತು, ನೋಡಿದ ಬಣ್ಣ, ಮುಟ್ಟಿದ ಮಣ್ಣು, ಕೊಟ್ಟ ಉತ್ತರ ಇವೆಲ್ಲ ದಾರಿ ತುಳಿಯುತ್ತವೆ. ಬಳಕೆಯಾದ ಸಂಪರ್ಕಗಳು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಕೊಳ್ಳುತ್ತವೆ.

ಇದಕ್ಕೆ ಮೆಳ್ಳೆಗಣ್ಣಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಒಂದು ಕಣ್ಣು ಓರೆಯಾಗಿರುವ ಮಗುವಿಗೆ ಕಾಣುವುದು ಎರಡೆರಡು ಚಿತ್ರ. ಈ ಗೊಂದಲ ತಪ್ಪಿಸಿಕೊಳ್ಳಲು ಮಿದುಳು ಓರೆಗಣ್ಣಿನ ಚಿತ್ರವನ್ನು ತಿರಸ್ಕರಿಸತೊಡಗುತ್ತದೆ. ಏಳು ವರ್ಷದೊಳಗೆ ಕನ್ನಡಕ ಹಾಕಿಸಿ, ಸರಿಯಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. "ದೊಡ್ಡವನಾದ ಮೇಲೆ ಸರಿಹೋಗುತ್ತೆ" ಎಂದು ಬಿಟ್ಟರೆ, ಮುಂದೆ ಆಪರೇಷನ್ ಮಾಡಿಸಿ ಕಣ್ಣನ್ನು ನೆಟ್ಟಗೆ ಮಾಡಬಹುದು; ಹೋದ ದೃಷ್ಟಿಯನ್ನು ತರುವುದು ಬಹಳ ಕಷ್ಟ. ಭಾಷೆಗೆ, ಗಮನವಿಟ್ಟು ಕೇಳುವ ಶಕ್ತಿಗೆ, ಎಣಿಕೆಯ ಅರಿವಿಗೆ ಬಾಗಿಲು ಇಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ, ನಿಜ. ಆದರೂ ತಡವಾದಷ್ಟೂ ಶ್ರಮವೂ ಖರ್ಚೂ ಹೆಚ್ಚಾಗುತ್ತಾ ಹೋಗುತ್ತವೆ.

ಮಾತೂ ಒಂದು ಆಹಾರ

ಮೂರೂವರೆ ವರ್ಷವಾದರೂ ಎರಡು ಪದ ಜೋಡಿಸಿ ಮಾತಾಡದ ಮಕ್ಕಳನ್ನು ಈಚೆಗೆ ಹೆಚ್ಚಾಗಿ ಕರೆತರುತ್ತಾರೆ. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು, ಬೇರೆ ತೊಂದರೆಗಳಿವೆಯೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದ ಕೆಲವು ಮಕ್ಕಳ ಮನೆಯ ದಿನಚರಿ ವಿಚಾರಿಸಿದರೆ ಕಾರಣ ಹೊಳೆಯುತ್ತದೆ. ತಂದೆ ತಾಯಿ ಬೆಳಿಗ್ಗೆಯೇ ಗಾರ್ಮೆಂಟ್ಸಿಗೋ ತೋಟಕ್ಕೋ ಹೊರಡುತ್ತಾರೆ. ಮಗು ಅಜ್ಜಿಯ ಬಳಿ. ಅಜ್ಜಿಗೆ ಕಿವಿ ಮಂದ, ಮಂಡಿನೋವು. ಉಳಿದದ್ದು ಮೊಬೈಲು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಒಂದು ವರ್ಷದೊಳಗಿನವರಿಗೆ ಅದು ಬೇಡವೇ ಬೇಡ ಎಂದಿದೆ. ಮೊಬೈಲು ಹಾಡುತ್ತದೆ, ಮಗುವಿನ ಮಾತಿಗೆ ಉತ್ತರ ಕೊಡುವುದಿಲ್ಲ. ಇಂಥ ಮಗುವಿಗೆ ನಾನು ಏನು ಬರೆದುಕೊಡಲಿ? "ದಿನಕ್ಕೆ ಮೂರು ಗಂಟೆ ಯಾರಾದರೂ ಕೂತು ಮಾತಾಡಿಸಬೇಕು, ಕಥೆ ಹೇಳಬೇಕು, ಬೇರೆ ಮಕ್ಕಳ ಜೊತೆ ಆಡಿಸಬೇಕು" ಎಂಬ ಚೀಟಿಯನ್ನು ಯಾವ ಅಂಗಡಿಯಲ್ಲಿ ತೋರಿಸಬೇಕು?

ಆಹಾರ, ಮಾತು ಎರಡರಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರದಲ್ಲಿಯೇ ಒಂದು ಉತ್ತರವಿದೆ. 1980ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ತಮ್ಮ ಸಂಗಡಿಗರೊಡನೆ ಒಂದು ಪ್ರಯೋಗ ನಡೆಸಿದರು. ವಯಸ್ಸಿಗೆ ತಕ್ಕ ಎತ್ತರವಿಲ್ಲದ, 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿಕೊಂಡು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರವಾರ ಹಾಲಿನ ಪುಡಿಯಿಂದ ತಯಾರಿಸಿದ ಪೂರಕ ಆಹಾರ. ಇನ್ನೊಂದು ಗುಂಪಿನ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ಕುಳಿತು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದು, ಮಾತಾಡಿಸುವುದು ಹೇಗೆಂದು ತಾಯಿಗೆ ತೋರಿಸಿಕೊಡುತ್ತಿದ್ದಳು. ಮೂರನೆಯ ಗುಂಪಿಗೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಎರಡು ವರ್ಷ ಇದು ನಡೆಯಿತು. ಮುಗಿದ ಹೊತ್ತಿನಲ್ಲಿ ಆಹಾರ ಪಡೆದವರಲ್ಲೂ ಆಟ-ಮಾತು ಪಡೆದವರಲ್ಲೂ ಬೆಳವಣಿಗೆ ಸುಧಾರಿಸಿತ್ತು, ಎರಡನ್ನೂ ಪಡೆದವರು ಎಲ್ಲರಿಗಿಂತ ಮುಂದಿದ್ದರು.

ಕುತೂಹಲದ ಸಂಗತಿ ಇಪ್ಪತ್ತು ವರ್ಷಗಳ ನಂತರದ್ದು. ಆಹಾರವನ್ನಷ್ಟೇ ಪಡೆದವರ ಲಾಭ ಕಾಲ ಕಳೆದಂತೆ ಮಾಸಿಹೋಗಿತ್ತು. ಆಟ-ಮಾತು ಪಡೆದವರ ಲಾಭ ಉಳಿದಿತ್ತು. ಅವರ ಸಂಪಾದನೆ ಅದನ್ನು ಪಡೆಯದವರಿಗಿಂತ ಶೇ. 25ರಷ್ಟು ಹೆಚ್ಚಾಗಿತ್ತು, ಚಿಕ್ಕಂದಿನಲ್ಲಿ ಸರಿಯಾದ ಎತ್ತರವಿದ್ದ ನೆರೆಮನೆಯ ಮಕ್ಕಳಿಗೆ ಅವರು ಸಮಕ್ಕೆ ಬಂದಿದ್ದರು. ಈ ಫಲಿತಾಂಶ 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇದರಿಂದ ಊಟ ಬೇಡವೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಹಸಿದ ಮಗು ಕಥೆ ಕೇಳುವುದಿಲ್ಲ. ಆದರೆ ಊಟ ಕೊಟ್ಟು ಕೈತೊಳೆದುಕೊಂಡರೆ ಅರ್ಧ ಕೆಲಸ ಉಳಿದುಹೋಗುತ್ತದೆ.

ಇಂಥದೇ ಇನ್ನೊಂದು ಪ್ರಯೋಗ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1972ರಲ್ಲಿ ಶುರುವಾಯಿತು. ಬಡ ಕುಟುಂಬಗಳ 111 ಶಿಶುಗಳಲ್ಲಿ ಒಂದು ಗುಂಪಿಗೆ ಐದು ವರ್ಷದವರೆಗೆ ದಿನವಿಡೀ ಶಿಶುಕೇಂದ್ರದ ಆರೈಕೆ, ಊಟ, ಆಟ-ಪಾಠ. ಅವರು ಮೂವತ್ತೈದರ ಆಸುಪಾಸಿಗೆ ಬಂದಾಗ ರಕ್ತದೊತ್ತಡ ಅಳೆದರು. ಗಂಡಸರಲ್ಲಿ ಮೇಲಿನ ಒತ್ತಡದ ಸರಾಸರಿ, ಕೇಂದ್ರಕ್ಕೆ ಹೋದವರಲ್ಲಿ 126, ಹೋಗದವರಲ್ಲಿ 143! ಬಿ.ಪಿ. ಮಾತ್ರೆಗಳನ್ನು ದಿನವೂ ಬರೆಯುವ ನನಗೆ ಈ ಅಂಕಿ ಓದಿ ಆಶ್ಚರ್ಯವಾಯಿತು. ಪ್ರಯೋಗ ಚಿಕ್ಕದು, ಅದನ್ನು ಮರೆಯಬಾರದು. ಆದರೂ ಮೂರನೇ ವಯಸ್ಸಿನ ಆಟಪಾಠಕ್ಕೂ ಮೂವತ್ತೈದರ ಹೃದಯಕ್ಕೂ ಸಂಬಂಧವಿರಬಹುದೆಂಬುದು ಯೋಚಿಸಬೇಕಾದ ವಿಷಯ.

ಒಬ್ಬಳೇ ಕಾರ್ಯಕರ್ತೆ, ಆರು ಸೇವೆ

ಇಂಥ ಆರೈಕೆಗೆಂದು ನಮ್ಮಲ್ಲಿ ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ, 100 ಅಂಗನವಾಡಿಗಳೊಂದಿಗೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆಸ್ಪತ್ರೆ ಇಲ್ಲದ ಊರಿದೆ, ಬಸ್ಸಿಲ್ಲದ ಊರಿದೆ, ಅಂಗನವಾಡಿ ಇಲ್ಲದ ಊರು ಅಪರೂಪ. ಇದನ್ನು ಸಾಧಿಸಿದ್ದಕ್ಕೆ ಸರ್ಕಾರಗಳನ್ನು ಮೆಚ್ಚಲೇಬೇಕು.

ಯೋಜನೆಯಲ್ಲಿ ಆರು ಸೇವೆಗಳಿವೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಕೊನೆಯದು ಕಾಗದದ ಮೇಲೂ ಕೊನೆಯಲ್ಲಿ, ದಿನಚರಿಯಲ್ಲೂ ಕೊನೆಯಲ್ಲಿ. ಅದು ಕಾರ್ಯಕರ್ತೆಯ ತಪ್ಪೆಂದು ನಾನು ಹೇಳಲಾರೆ. ಅವಳ ಒಂದು ದಿನವನ್ನು ಗಮನಿಸಿ. ಬಾಗಿಲು ತೆರೆದು ಹಾಜರಿ ಹಾಕಬೇಕು. ಸಾಮಾನು ತೂಗಿ ಸಹಾಯಕಿಗೆ ಕೊಡಬೇಕು. ಗರ್ಭಿಣಿಯರ, ಬಾಣಂತಿಯರ ಆಹಾರದ ಲೆಕ್ಕ ಇಡಬೇಕು. ಮಕ್ಕಳ ತೂಕ, ಎತ್ತರ ಅಳೆದು ರಿಜಿಸ್ಟರಿನಲ್ಲೂ 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪಿನಲ್ಲೂ ತುಂಬಬೇಕು. ನೆಟ್‌ವರ್ಕ್ ಸಿಗದಿದ್ದರೆ ಹೊರಗೆ ಬಂದು ಕೈಯೆತ್ತಿ ನಿಲ್ಲಬೇಕು. ಚುಚ್ಚುಮದ್ದಿನ ದಿನ ಮನೆಮನೆಗೆ ಹೋಗಿ ಕರೆಯಬೇಕು. ಮತದಾರರ ಪಟ್ಟಿ, ಬಗೆಬಗೆಯ ಸಮೀಕ್ಷೆಗಳು ಬಂದರೆ ಅವೂ ಅವಳ ತಲೆಗೇ. ಈ ನಡುವೆ ಇಪ್ಪತ್ತು ಮಕ್ಕಳು, ಅವರಲ್ಲೊಬ್ಬ ಚಡ್ಡಿ ಒದ್ದೆ ಮಾಡಿಕೊಂಡಿದ್ದಾನೆ, ಇನ್ನೊಬ್ಬಳು ಅಮ್ಮ ಬೇಕೆಂದು ಅಳುತ್ತಿದ್ದಾಳೆ. ಸಹಾಯಕಿ ಅಡುಗೆ ಒಲೆಯ ಮುಂದೆ. ಕಥೆ ಹೇಳುವ ಸಮಯ ಯಾವುದು?

ಆದರೂ ಕೆಲವರು ಹೇಳುತ್ತಾರೆ, ಹಾಡಿಸುತ್ತಾರೆ, 'ಚಿಲಿಪಿಲಿ' ಪಠ್ಯದ ಆಟಗಳನ್ನು ಆಡಿಸುತ್ತಾರೆ. ಅಂಥವರನ್ನು ನಾನು ಬಲ್ಲೆ. ನನ್ನ ಬಳಿಗೆ ಬರುವ ಮಕ್ಕಳಲ್ಲಿ ಕಿವಿ ಸೋರುವುದನ್ನೋ ಮೆಳ್ಳೆಗಣ್ಣನ್ನೋ ತಂದೆತಾಯಿಗಿಂತ ಮೊದಲು ಗುರುತಿಸಿ ಕಳಿಸಿದವರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಸಾಕಷ್ಟು ಮಂದಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಉಳಿದ ದಿನಗಳಲ್ಲಿ ಮಗುವನ್ನು ನೋಡುವ ಕಣ್ಣು ಕಾರ್ಯಕರ್ತೆಯದೇ. ರಿಜಿಸ್ಟರಿನಲ್ಲಿ ಮುಳುಗಿದ ಕಣ್ಣಿಗೆ ಅದು ಕಾಣಿಸುವುದು ಹೇಗೆ?

ತಮಿಳುನಾಡು ತೋರಿಸಿದ ದಾರಿ

ನೆರೆಯ ತಮಿಳುನಾಡಿನಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 640 ಅಂಗನವಾಡಿಗಳಲ್ಲಿ ಒಂದು ಸರಳ ಪರೀಕ್ಷೆ ನಡೆಸಿ 2021ರಲ್ಲಿ ಫಲಿತಾಂಶ ಹೊರತಂದರು. ಅರ್ಧದಷ್ಟು ಕೇಂದ್ರಗಳಿಗೆ ಅರ್ಧ ದಿನದ ಮಟ್ಟಿಗೆ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಡಲಾಯಿತು. ಆಕೆಯ ಕೆಲಸ ಒಂದೇ, ಮಕ್ಕಳಿಗೆ ಆಟಪಾಠ. ರಿಜಿಸ್ಟರಿಲ್ಲ, ತಕ್ಕಡಿಯಿಲ್ಲ.

ಒಂದೂವರೆ ವರ್ಷದ ನಂತರ ನೋಡಿದರೆ ಆ ಕೇಂದ್ರಗಳಲ್ಲಿ ಕಲಿಕೆಯ ಸಮಯ ಎರಡು ಪಟ್ಟಾಗಿತ್ತು. ಲೆಕ್ಕದಲ್ಲೂ ಭಾಷೆಯಲ್ಲೂ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು. ಇಷ್ಟನ್ನು ಯಾರಾದರೂ ಊಹಿಸಬಹುದಿತ್ತು. ವೈದ್ಯನಾಗಿ ನನ್ನ ಗಮನ ಸೆಳೆದದ್ದು ಬೇರೆ: ಅಲ್ಲಿ ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾಗಿದ್ದವು. ಹೊಸಬಳು ಪಾಠ ವಹಿಸಿಕೊಂಡದ್ದರಿಂದ ಹಳಬಳಿಗೆ ಆಹಾರ, ಆರೋಗ್ಯದ ಕೆಲಸಕ್ಕೆ ಬಿಡುವು ಸಿಕ್ಕಿತು. ಪಾಠಕ್ಕೆಂದು ಕೊಟ್ಟ ಹಣ ಎತ್ತರವನ್ನೂ ತಂದಿತು! ಬರುವ ಲಾಭ ಖರ್ಚಿನ ಹದಿಮೂರು ಪಟ್ಟಿಗೂ ಹೆಚ್ಚು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ.

ನಮ್ಮ ರಾಜ್ಯಕ್ಕೆ ಇದರ ಅಗತ್ಯ ಎಷ್ಟಿದೆ ಎಂಬುದಕ್ಕೆ 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಸಾಕು. ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 60.9 ಇತ್ತು. ಕಬ್ಬಿಣದ ಅಂಶ ಕಡಿಮೆಯಾದ ಮಗು ಮಂಕಾಗಿ ಕೂರುತ್ತದೆ, ಗಮನ ನಿಲ್ಲುವುದಿಲ್ಲ. (ಇಲ್ಲೊಂದು ಮಾತು: ಬೆಳಗಿನ ಕಾಫಿಯಲ್ಲಿ ಬಿಸ್ಕತ್ತು ಅದ್ದಿ ಮಗುವಿಗೆ ಕೊಡುವ ಅಭ್ಯಾಸ ನಮ್ಮ ಕಡೆ ಬಹಳ. ಕಾಫಿ, ಟೀ ಎರಡೂ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ದಯವಿಟ್ಟು ಬಿಡಿ.)

ಹಣ ಎಲ್ಲಿದೆ?

ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಲೆಕ್ಕ ಹಾಕೋಣ. 66 ಸಾವಿರ ಕೇಂದ್ರಗಳಿಗೆ ತಲಾ ಒಬ್ಬ ಶಿಕ್ಷಕಿ, ತಿಂಗಳಿಗೆ 10 ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 792 ಕೋಟಿ ರೂಪಾಯಿ. ಕೇಳಲು ದೊಡ್ಡ ಮೊತ್ತ. ಆದರೆ ರಾಜ್ಯದ 2025-26ರ ಬಜೆಟ್ಟಿನ ಗಾತ್ರ 4 ಲಕ್ಷ 9 ಸಾವಿರ ಕೋಟಿ ರೂಪಾಯಿಗೂ ಮೇಲಿತ್ತು. ಅಂದರೆ ಸರ್ಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಇಪ್ಪತ್ತು ಪೈಸೆಗೂ ಕಡಿಮೆ. ತರಬೇತಿ, ಆಟಿಕೆ, ಚಿತ್ರಪುಸ್ತಕ ಸೇರಿಸಿ ಎರಡು ಪಟ್ಟು ಮಾಡಿದರೂ ನಲವತ್ತು ಪೈಸೆ ದಾಟುವುದಿಲ್ಲ. ಲೆಕ್ಕ ನನ್ನದು, ಬಲ್ಲವರು ತಿದ್ದಲಿ. ಹತ್ತು ಸಾವಿರ ಸಾಲದು ಎಂದು ಯಾರಾದರೂ ಹೇಳಿದರೆ ನಾನೂ ಅವರ ಪಕ್ಷವೇ.

ಏಕೆಂದರೆ ಈಗಿರುವವರ ಪಾಡೇ ಹೇಳತೀರದು. ಅವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಯ ಗೌರವಧನದ ಲೆಕ್ಕವನ್ನು ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ ಏರಿಸಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. 2025-26ರ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಹೆಚ್ಚಳ ಘೋಷಿಸಿತು. ಇವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಡಲು 2022ರ ಏಪ್ರಿಲ್ ಬರಬೇಕಾಯಿತು. ಮಗುವಿನ ಊಟದ ಲೆಕ್ಕವೂ ಹಾಗೆಯೇ. 2017ರಲ್ಲಿ ಕೇಂದ್ರ ಗೊತ್ತುಪಡಿಸಿದ ದರ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ. ನಮ್ಮ ರಾಜ್ಯ 2013ರಲ್ಲಿ ಕ್ಷೀರಭಾಗ್ಯದ ಹಾಲನ್ನು ಕೂಡಿಸಿತು, ಮೊಟ್ಟೆಯನ್ನೂ ಕೂಡಿಸಿದೆ ಎಂಬುದು ಸಮಾಧಾನದ ವಿಷಯ.

ಕಾನೂನಿನಲ್ಲಿ ಬಿಟ್ಟುಹೋದವರು

ಹಣ ಬರಬೇಕಾದರೆ ಹಕ್ಕಿರಬೇಕು. ಇಲ್ಲಿ ಒಂದು ಹಳೆಯ ಅನ್ಯಾಯವಿದೆ. ಸಂವಿಧಾನದ 45ನೇ ವಿಧಿ ಮೂಲದಲ್ಲಿ ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಹತ್ತು ವರ್ಷದೊಳಗೆ ಪ್ರಯತ್ನಿಸಬೇಕು ಎಂದಿತ್ತು. ಕೆಳಗಿನ ವಯಸ್ಸಿಗೆ ಮಿತಿ ಇರಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹದಿನಾಲ್ಕರವರೆಗಿನ ಶಿಕ್ಷಣ ಮೂಲಭೂತ ಹಕ್ಕು ಎಂದಾಗಲೂ ಮಿತಿ ಹಾಕಲಿಲ್ಲ. 2002ರ 86ನೇ ತಿದ್ದುಪಡಿ ಬಂದಾಗ ಹಕ್ಕು ಆರರಿಂದ ಹದಿನಾಲ್ಕಕ್ಕೆ ಸೀಮಿತವಾಯಿತು. ಆರರೊಳಗಿನವರಿಗೆ ಉಳಿದದ್ದು 45ನೇ ವಿಧಿಯ ಹೊಸ ರೂಪ, ಅಂದರೆ ಸರ್ಕಾರ "ಪ್ರಯತ್ನಿಸಬೇಕು" ಎಂಬ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೇ ಸೆಕ್ಷನ್ ಕೂಡ ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ವ್ಯವಸ್ಥೆ "ಮಾಡಬಹುದು" ಎನ್ನುತ್ತದೆ. ಮಾಡಬೇಕು ಎನ್ನುವುದಿಲ್ಲ.

ಯಾವ ಆರು ವರ್ಷ ಅತಿ ಮುಖ್ಯವೆಂದು ನಾವು ವೈದ್ಯರು ಹೇಳುತ್ತೇವೆಯೋ ಅದೇ ಆರು ವರ್ಷ ಕಾನೂನಿನ ಹೊರಗೆ ನಿಂತಿದೆ. 2020ರ ಶಿಕ್ಷಣ ನೀತಿ 2030ರೊಳಗೆ ಎಲ್ಲ ಮಕ್ಕಳಿಗೂ ಶಾಲಾಪೂರ್ವ ಶಿಕ್ಷಣ ಸಿಗಬೇಕೆಂದು ಗುರಿಯಿಟ್ಟಿದೆ. ನೀತಿ ಒಳ್ಳೆಯದೇ. ಆದರೆ ನೀತಿಯನ್ನು ಹಿಡಿದು ನ್ಯಾಯಾಲಯದ ಬಾಗಿಲು ತಟ್ಟುವುದು ಸುಲಭವಲ್ಲ. "ಮಾಡಬಹುದು" ಎಂಬುದನ್ನು "ಮಾಡತಕ್ಕದ್ದು" ಎಂದು ತಿದ್ದಲು ಸಂಸತ್ತು ಒಂದು ಪದವನ್ನು ಬದಲಿಸಿದರೆ ಸಾಕು.

ಎಲ್.ಕೆ.ಜಿ.ಯೋ ಅಂಗನವಾಡಿಯೋ?

2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತೆರೆಯುವ ಕ್ರಮವನ್ನು ವಿರೋಧಿಸಿ ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟನೆ ನಡೆಸಿದ್ದು ನೆನಪಿರಬಹುದು. ಅದೇ ವರ್ಷ ಜುಲೈಯಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ಆರಂಭಿಸಲಾಯಿತು. ನನ್ನ ಅಭಿಪ್ರಾಯ ಎರಡನೆಯ ದಾರಿಯ ಕಡೆಗೆ. ಮೂರು ವರ್ಷದ ಮಗುವಿಗೆ ಊಟ, ತೂಕ, ಚುಚ್ಚುಮದ್ದು, ಆಟ ಎಲ್ಲವೂ ಒಂದೇ ಸೂರಿನಡಿ ಸಿಗುತ್ತಿರುವಾಗ ಆಟವನ್ನು ಮಾತ್ರ ಕಿತ್ತು ಬೇರೆ ಕಟ್ಟಡಕ್ಕೆ ಸಾಗಿಸುವುದರಿಂದ ಲಾಭವಿಲ್ಲ. ಮನೆಯ ಹತ್ತಿರ ಇರುವುದೂ ಮುಖ್ಯ. ಶಾಲೆ ಒಂದು ಮೈಲಿ ದೂರವಿದ್ದರೆ ಕೂಲಿಗೆ ಹೋಗುವ ತಾಯಿ ಮಗುವನ್ನು ಯಾರ ಕೈಗೆ ಕೊಡಬೇಕು?

ಹೆಸರು ಮಾಂಟೆಸ್ಸರಿ ಆದರೇನು, ಬಾಲವಾಡಿ ಆದರೇನು, ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು. ತಂದೆತಾಯಿಗಳಿಗೆ ಬೇಕಾಗಿರುವುದು ಎ, ಬಿ, ಸಿ, ಡಿ ಬರೆಯುವ ಮಗು. ಖಾಸಗಿ ಶಾಲೆಗಳು ಕೊಡುವುದೂ ಅದನ್ನೇ. ಮೂರು ವರ್ಷದ ಮಗುವಿನ ಬೆರಳುಗಳ ಸಣ್ಣ ಸ್ನಾಯುಗಳು ಪೆನ್ಸಿಲ್ ಹಿಡಿದು ಸಾಲಿನ ಮೇಲೆ ಬರೆಯುವಷ್ಟು ಪಳಗಿರುವುದಿಲ್ಲ. ಹೋಂವರ್ಕ್ ಬರೆಯಲಾಗದೆ ಅತ್ತು, ಬೆಳಿಗ್ಗೆ ಹೊಟ್ಟೆನೋವೆಂದು ಹೇಳಿ ನನ್ನ ಬಳಿ ಬರುವ ನಾಲ್ಕು ವರ್ಷದ ಮಕ್ಕಳಿದ್ದಾರೆ. ಭಾನುವಾರ ಅವರ ಹೊಟ್ಟೆ ನೋಯುವುದಿಲ್ಲ! ಈ ವಯಸ್ಸಿಗೆ ಬೇಕಾದ್ದು ಹಿಟ್ಟು ಕಲಸುವುದು, ಮಣಿ ಪೋಣಿಸುವುದು, ಹುಣಿಸೆಬೀಜ ಎಣಿಸುವುದು, ಕಥೆ ಕೇಳಿ "ಆಮೇಲೆ?" ಎನ್ನುವುದು. ಮಗುವಿನ ಮನೆಮಾತು ತುಳುವಾಗಿರಲಿ, ಉರ್ದುವಾಗಿರಲಿ, ಲಂಬಾಣಿಯಾಗಿರಲಿ, ಮೊದಲ ಕಥೆ ಅದರಲ್ಲೇ ಇದ್ದರೆ ಕನ್ನಡವೂ ಇಂಗ್ಲಿಷೂ ಆಮೇಲೆ ಸುಲಭವಾಗಿ ಹತ್ತುತ್ತವೆ. ಅದಕ್ಕೇ ಹೊಸ ಶಿಕ್ಷಕಿ ಆ ಊರಿನವಳೇ ಆಗಿರಬೇಕೆನ್ನುವುದು.

ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಮಾತು ಬೇರೆಯೇ ಇದೆ. ಅವರಿಗೆಂದು 2023-24ರಲ್ಲಿ ರಾಜ್ಯ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆ ಹಾಕಿಕೊಂಡಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯುವೆ.

"ನಮ್ಮ ಮಕ್ಕಳು ಅಂಗನವಾಡಿಗೆ ಹೋಗುವುದಿಲ್ಲ, ನಮಗೇಕೆ ಈ ಚಿಂತೆ?" ಎನ್ನುವ ಓದುಗರೂ ಇರಬಹುದು. ನಿಮ್ಮ ತೆರಿಗೆಯ ಹಣದಿಂದಲೇ ಮುಂದೆ ಹತ್ತನೇ ತರಗತಿ ದಾಟದವರಿಗೆ ಮರುಪಾಠವೂ, ರಕ್ತಹೀನತೆಯ ಗರ್ಭಿಣಿಯರಿಗೆ ರಕ್ತದ ಬಾಟಲಿಯೂ ಹೋಗುತ್ತದೆ ಎಂಬುದಷ್ಟೇ ನನ್ನ ಉತ್ತರ.

ನಿಮ್ಮ ಊರಿನ ಅಥವಾ ಬಡಾವಣೆಯ ಅಂಗನವಾಡಿಗೆ ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗಿ ಬನ್ನಿ. ತಪಾಸಣೆ ಅಧಿಕಾರಿಯಂತೆ ಹೋಗಬೇಡಿ, ಚಪ್ಪಲಿ ಬಿಟ್ಟು ಮಕ್ಕಳ ಜೊತೆ ಕುಳಿತುಕೊಳ್ಳಿ. ಗೋಡೆಯ ಬಣ್ಣದ ಚಿತ್ರ ನೋಡಿ ಮರುಳಾಗದೆ, ಅರ್ಧ ಗಂಟೆಯಲ್ಲಿ ದೊಡ್ಡವರೊಬ್ಬರು ಮಕ್ಕಳೊಡನೆ ಎಷ್ಟು ನಿಮಿಷ ಮಾತಾಡಿದರು ಎಂದು ಗಡಿಯಾರ ನೋಡಿಕೊಳ್ಳಿ. ಆಟದ ಸಾಮಾನು ಮಕ್ಕಳ ಕೈಗೆಟಕುವಂತಿದೆಯೇ, ಬೀರುವಿನಲ್ಲಿ ಬೀಗ ಹಾಕಿದೆಯೇ ಕೇಳಿ. ಕಾರ್ಯಕರ್ತೆಗೆ ಎಷ್ಟು ರಿಜಿಸ್ಟರುಗಳಿವೆ, ಈ ತಿಂಗಳು ಬೇರೆ ಇಲಾಖೆಯ ಕೆಲಸಕ್ಕೆ ಎಷ್ಟು ದಿನ ಹೋದಳು ಎಂದೂ ವಿಚಾರಿಸಿ. ಈ ಅಂಕಿಗಳನ್ನು ಬರೆದಿಟ್ಟುಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ. ನಗರದವರಾದರೆ ನಿಮ್ಮ ಶಾಸಕರಿಗೆ ಪತ್ರ ಬರೆಯಿರಿ. ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚಿನಲ್ಲಿ ಮಂಡನೆಯಾಗುತ್ತದೆ. ಇಲಾಖೆಗಳ ಬೇಡಿಕೆ ಪಟ್ಟಿ ಅದಕ್ಕೆ ತಿಂಗಳುಗಳ ಮೊದಲೇ ತಯಾರಾಗುತ್ತದೆ. ಆದ್ದರಿಂದ ಪತ್ರ ದೀಪಾವಳಿಯ ಹೊತ್ತಿಗೆ ತಲುಪಿದರೆ ಒಳ್ಳೆಯದು. ಗ್ರಾಮಸಭೆಯಲ್ಲಿ "ನಮ್ಮ ಅಂಗನವಾಡಿಗೆ ಆಟಪಾಠಕ್ಕೆಂದೇ ಇನ್ನೊಬ್ಬ ಶಿಕ್ಷಕಿ ಬೇಕು" ಎಂದು ಬಾಯಲ್ಲಿ ಹೇಳಿ ಬರಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಕೇಳಿ ಪಡೆದುಕೊಳ್ಳಿ.